ಮೋಗ್ಲಿಂಗ್, ಕಿಟೆಲ್ ಇಲ್ಲಿಗೆ ಬಂದ ಹೊಸದರಲ್ಲಿ ದಿನಾ ಏನ್ ಮಾಡ್ತಿದ್ರು?

ಪ್ರಶ್ನೆ: ಮೇಡಂ, ನಾನು ಮಂಗಳೂರಲ್ಲಿ ಎಂ.ಎ. ಓದ್ತಿದ್ದೀನಿ, ಪಿಜಿ ಇರೋದು ಬಲ್ಮಠದಲ್ಲಿ. ಮೋಗ್ಲಿಂಗ್, ಕಿಟೆಲ್ ಹೆಸರು ಚಿಕ್ಕಂದಿನಿಂದ ಕೇಳಿದ್ದೀನಿ, ಆದ್ರೆ ಒಬ್ರು ಪತ್ರಿಕೆ ಮಾಡಿದ್ರು ಇನ್ನೊಬ್ರು ನಿಘಂಟು ಮಾಡಿದ್ರು ಅನ್ನೋದು ಬಿಟ್ರೆ ಬೇರೇನೂ ಗೊತ್ತಿಲ್ಲ. ಇಲ್ಲಿಗೆ ಬಂದಾಗ ಅವರಿಗೆ ಹೆಚ್ಚು ಕಡಿಮೆ ನನ್ನ ವಯಸ್ಸೇ ಅಂತೆ. ಗುರುತು ಪರಿಚಯ ಇಲ್ಲದ ದೇಶದಲ್ಲಿ ಬೆಳಗ್ಗೆ ಎದ್ದು ರಾತ್ರಿ ಮಲಗೋ ತನಕ ಏನ್ ಮಾಡ್ತಿದ್ರು? ಬರೀ ಮತಾಂತರಾನಾ? ಮನೆ ನೆನಪು ಆಗ್ತಿರ್ಲಿಲ್ವಾ?

ಉತ್ತರ: ನೀವು ವಯಸ್ಸಿನ ವಿಷಯ ಎತ್ತಿದ್ದು ನನಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ನಾವು ಇವರನ್ನೆಲ್ಲ ನೋಡಿರೋದು ಗಡ್ಡ ಬಿಟ್ಟ ಮುದುಕರ ಫೋಟೋದಲ್ಲಿ, ಬೆಂಗಳೂರಿನ ಎಂ.ಜಿ. ರೋಡಲ್ಲಿ ನಿಂತಿರೋ ಕಿಟೆಲ್ ಪ್ರತಿಮೆ ನೋಡಿದ್ರೂ ಅಷ್ಟೇ, ಹುಟ್ಟಿದಾಗಿಂದಲೂ ಹಿರಿಯರೇ ಆಗಿದ್ರೇನೋ ಅನ್ಸತ್ತೆ. ಆದ್ರೆ ಲೆಕ್ಕ ಹಾಕಿ ನೋಡಿ. ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811, ಮಂಗಳೂರಿಗೆ ಬಂದಿದ್ದು 1836, ಅಂದ್ರೆ ಇಪ್ಪತ್ತೈದು. ಅವರ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ 1840ರಲ್ಲಿ ಬಂದಾಗ ಇಪ್ಪತ್ನಾಲ್ಕು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಹಡಗು ಇಳಿದಾಗ ಬರೀ ಇಪ್ಪತ್ತೊಂದು! ಇವತ್ತು ಆ ವಯಸ್ಸಿನ ಮಕ್ಕಳನ್ನ ನಾವು ಬೇರೆ ಊರಿಗೆ ಕೆಲಸಕ್ಕೆ ಕಳಿಸುವಾಗ ದಿನಕ್ಕೆರಡು ಸಲ ಫೋನ್ ಮಾಡ್ತೀವಿ.

ಇವರೆಲ್ಲ ಬಂದಿದ್ದು ಬಾಸೆಲ್ ಮಿಶನ್ ಅನ್ನೋ ಸಂಸ್ಥೆಯಿಂದ. 1815ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಲ್ಲಿ ಶುರುವಾಗಿದ್ದು, ಆದ್ರೆ ಹುಡುಗರು ಬರ್ತಿದ್ದಿದ್ದು ಹೆಚ್ಚಾಗಿ ಜರ್ಮನಿಯ ವುರ್ಟೆಂಬೆರ್ಗ್ ಕಡೆ ಹಳ್ಳಿಗಳಿಂದ, ರೈತರ ಮಕ್ಕಳು, ನೇಕಾರರ ಮಕ್ಕಳು, ಕಸುಬುದಾರರ ಮಕ್ಕಳು. ಮೋಗ್ಲಿಂಗ್ ಮತ್ತು ವೈಗ್ಲೆ ತರ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿದವರು ಕಮ್ಮಿ. ಮೊದಲು ನಮ್ಮ ಕಡೆ ಬ್ರಿಟಿಷರಲ್ಲದ ಮಿಶನರಿಗಳಿಗೆ ಅವಕಾಶ ಇರ್ಲಿಲ್ಲ, 1833ರ ಚಾರ್ಟರ್ ಕಾಯಿದೆ ಬಂದ ಮೇಲೆ ಬಾಗಿಲು ತೆರೀತು, 1834ರ ಅಕ್ಟೋಬರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅಂತ ಮೂರು ಜನ ಕಲ್ಲಿಕೋಟೆಲಿ ಇಳಿದು ಅಲ್ಲಿಂದ ಮಂಗಳೂರಿಗೆ ಬಂದ್ರು. ಸೂಯೆಜ್ ಕಾಲುವೆ ಆಗ ಇಲ್ಲ, ಅದು ತೆರೆದಿದ್ದು 1869ರಲ್ಲಿ, ಮೊದಮೊದಲು ಬಂದವರು ಆಫ್ರಿಕಾ ಸುತ್ತಿಕೊಂಡು ಬರಬೇಕಿತ್ತು, ತಿಂಗಳುಗಟ್ಟಲೆ ಸಮುದ್ರ.

ಈಗ ದಿನಚರಿಗೆ ಬರ್ತೀನಿ. ಮೊದಲೇ ಹೇಳಿಬಿಡ್ತೀನಿ, ಎಲ್ಲಾ ಸ್ಟೇಷನ್ನಲ್ಲೂ, ಅಂದ್ರೆ ಮಿಶನ್ ಕೇಂದ್ರದಲ್ಲೂ, ಒಂದೇ ಟೈಮ್‌ಟೇಬಲ್ ಇತ್ತು ಅಂತ ತಿಳ್ಕೋಬೇಡಿ. ಮಂಗಳೂರಿನ ದಿನವೇ ಬೇರೆ, ಧಾರವಾಡದ ದಿನವೇ ಬೇರೆ, ಮಳೆಗಾಲದ ದಿನವೇ ಬೇರೆ. ಆದ್ರೆ ಹೊಸದಾಗಿ ಬಂದ ಹುಡುಗನ ಮೊದಲ ಒಂದೆರಡು ವರ್ಷ ಹೇಗಿತ್ತು ಅಂತ ಒಂದೇ ಮಾತಲ್ಲಿ ಕೇಳಿದ್ರೆ ನಾನು ಹೇಳೋದು, ಅವನು ಮತ್ತೆ ಒಂದನೇ ಕ್ಲಾಸಿಗೆ ಸೇರಿದ್ದ ಅಂತ. ನೀವು ಮತಾಂತರಾನಾ ಅಂತ ಕೇಳಿದ್ರಲ್ಲ, ಬಂದಿದ್ದು ಅದಕ್ಕೇ, ಅದರಲ್ಲಿ ಮುಚ್ಚುಮರೆ ಏನಿಲ್ಲ, ಅವರೂ ಯಾವತ್ತೂ ಮುಚ್ಚಿಟ್ಟಿಲ್ಲ. ಆದ್ರೆ ಬಾಯಿ ಬರದವನು ಏನಂತ ಪ್ರಚಾರ ಮಾಡ್ತಾನೆ? ಹಾಗಾಗಿ ದಿನದ ಹೆಚ್ಚು ಹೊತ್ತು ಹೋಗ್ತಿದ್ದಿದ್ದು ಭಾಷೆಗೆ. ನನ್ನ ಅಭಿಪ್ರಾಯದಲ್ಲಿ ಇವರ ಇಡೀ ಕಥೆಯ ಬೇರು ಇರೋದೇ ಇಲ್ಲಿ. ಆಮೇಲೆ ಬಂದ ಪತ್ರಿಕೆ, ಗಾದೆ ಸಂಗ್ರಹ, ದಾಸರ ಪದ, ನಿಘಂಟು ಎಲ್ಲ ಈ ದಿನನಿತ್ಯದ ಕಲಿಕೆಯಿಂದ ಒಂದೊಂದಾಗಿ ಬೆಳೆದು ಬಂದವು.

ಬೆಳಗ್ಗೆ ಬೇಗ ಏಳೋದು, ಪ್ರಾರ್ಥನೆ, ಬೈಬಲ್ ಓದು, ಇದು ಮಿಶನರಿಗಳನ್ನ ತಯಾರು ಮಾಡೋ ಬಾಸೆಲ್ ಸೆಮಿನರಿಯಲ್ಲೇ ಮೈಗೆ ಹತ್ತಿದ ಅಭ್ಯಾಸ. ಅಲ್ಲಿ ಗಂಟೆ ಹೊಡೆದಂಗೆ ಬದುಕು, ಪಾಠ, ಪ್ರಾರ್ಥನೆ, ಮಧ್ಯೆ ಕೈಕೆಲಸ. ಇಲ್ಲಿ ಪ್ರಾರ್ಥನೆ ಮುಗೀತಿದ್ದ ಹಾಗೆ ಮುನ್ಶಿ ಬರೋರು. ಮುನ್ಶಿ ಅಂದ್ರೆ ಭಾಷೆ ಕಲಿಸೋ ಮೇಷ್ಟ್ರು, ಊರಿನ ಓದಿಕೊಂಡ ಮನುಷ್ಯ. ಜರ್ಮನ್ ನಾಲಗೆಗೆ ಟಠಡಢಣ ಅನ್ನೋ ಸಾಲೇ ಇಲ್ಲ, ಮನೆ ಅನ್ನೋದಕ್ಕೂ ಮಣೆ ಅನ್ನೋದಕ್ಕೂ ವ್ಯತ್ಯಾಸ ಕಿವಿಗೇ ಬೀಳಲ್ಲ, ಹಳ್ಳಿ ಹಲ್ಲಿ ಆಗತ್ತೆ, ಕಾಳು ಕಾಲು ಆಗತ್ತೆ. ಇದನ್ನ ಸರಿ ಮಾಡಿಕೊಳ್ಳೋಕೆ ಬೇರೆ ದಾರಿ ಇಲ್ಲ, ಮುನ್ಶಿ ಹೇಳಿದ್ದನ್ನ ಬಾಯಿ ನೋಯೋ ತನಕ ಹೇಳೋದು ಅಷ್ಟೇ.

ಕೈಯಲ್ಲಿ ಪುಸ್ತಕಾನೂ ಹೆಚ್ಚಿರ್ಲಿಲ್ಲ. ಮೆಕೆರೆಲ್ ಅವರ ಕನ್ನಡ ವ್ಯಾಕರಣ 1820ರದ್ದು, ರೀವ್ ಅವರ ನಿಘಂಟು 1832ರದ್ದು, ಬಳ್ಳಾರಿಯ ಲಂಡನ್ ಮಿಶನ್ನಿನವರು ಮಾಡಿದ್ದ ಬೈಬಲ್ ಅನುವಾದ, ಮುಖ್ಯವಾಗಿ ಇಷ್ಟೇ. ಉಳಿದಿದ್ದೆಲ್ಲ ಓಲೆಗರಿ. ಓಲೆಗರಿ ಓದೋದು ಅಂದ್ರೆ ಏನು ಅಂತ ನಿಮಗೆ ಒಂಚೂರು ಹೇಳ್ಬೇಕು. ಕಂಠ ಅನ್ನೋ ಚೂಪು ಮೊನೆಯ ಕಡ್ಡಿಯಲ್ಲಿ ಕೊರೆದಿರೋ ಅಕ್ಷರ ಹಾಗೇ ನೋಡಿದ್ರೆ ಸರಿಯಾಗಿ ಕಾಣಲ್ಲ, ಎಣ್ಣೆ ಬೆರೆಸಿದ ಮಸಿ ಸವರಿ ಬಟ್ಟೆಯಲ್ಲಿ ಒರೆಸಿದ್ರೆ ಗೀರಿನ ಒಳಗೆ ಕಪ್ಪು ನಿಂತು ಅಕ್ಷರ ಎದ್ದು ಬರತ್ತೆ. ಪದದಿಂದ ಪದಕ್ಕೆ ಜಾಗ ಬಿಟ್ಟಿರಲ್ಲ, ದೀರ್ಘ ಹ್ರಸ್ವ ಗುರುತಿಸೋದು ಕಷ್ಟ, ಮೇಲಿಂದ ಹುಳ ತಿಂದ ತೂತು. ಒಂದು ಪದ್ಯ ಬಿಡಿಸಬೇಕಾದ್ರೆ ಛಂದಸ್ಸು ಗೊತ್ತಿರಬೇಕು, ಎಲ್ಲಿ ಒಡೀಬೇಕು ಅಂತ ಹೇಳೋಕೆ ಪಕ್ಕದಲ್ಲಿ ಪಂಡಿತರು ಕೂತಿರಬೇಕು. ಹೀಗೆ ಕೂತು ಕಲಿತವರೇ ಮುಂದೆ ಶಬ್ದಮಣಿದರ್ಪಣ ಅನ್ನೋ ಹಳಗನ್ನಡ ವ್ಯಾಕರಣ ಸಂಪಾದನೆ ಮಾಡಿದ್ದು, ನಾಗವರ್ಮನ ಛಂದಸ್ಸು ಅಚ್ಚು ಹಾಕಿಸಿದ್ದು, ಇವೆರಡೂ ಕಿಟೆಲ್ ಮಾಡಿದ ಕೆಲಸ, 1872 ಮತ್ತು 1875. ಪಕ್ಕದಲ್ಲಿ ಕೂತಿದ್ದ ಪಂಡಿತರ ಹೆಸರು ಎಷ್ಟೋ ಕಡೆ ದಾಖಲೆಯಲ್ಲಿ ಬರೀ ಮುನ್ಶಿ ಅಂತಲೇ ಉಳ್ಕೊಂಡಿದೆ, ನನಗೆ ಇದು ತುಂಬಾ ಬೇಜಾರಿನ ವಿಷಯ. ನೀವು ಮುಂದೆ ಈ ಬಗ್ಗೆ ಸಂಶೋಧನೆ ಮಾಡೋದಾದ್ರೆ ಆ ಮುನ್ಶಿಗಳನ್ನ ಹುಡುಕಿ, ಅದು ಆಗಬೇಕಾದ ಕೆಲಸ.

ಇನ್ನೊಂದು ತಾಪತ್ರಯ ಇತ್ತು, ಅದು ನಿಮಗೆ ಮಂಗಳೂರಲ್ಲಿದ್ದು ದಿನಾ ಗೊತ್ತಾಗ್ತಿರತ್ತೆ. ಕಷ್ಟಪಟ್ಟು ಕನ್ನಡ ಕಲಿತು ಬೀದಿಗೆ ಬಂದ್ರೆ ಜನ ಮಾತಾಡೋದು ತುಳು! ಅಂಗಡಿಯಲ್ಲಿ ಕೊಂಕಣಿ, ಬಂದರಲ್ಲಿ ಬ್ಯಾರಿ, ತೆಂಕಲಾಗಿ ಹೋದ್ರೆ ಮಲಯಾಳ. ಕನ್ನಡ ಇದ್ದಿದ್ದು ಶಾಲೆ, ಕಚೇರಿ, ಯಕ್ಷಗಾನ, ಪುರಾಣ ಇಂಥ ಕಡೆ. ಹಾಗಾಗಿ ಕೆಲಸ ಹಂಚಿಕೊಂಡ್ರು, ಗ್ರೈನರ್ ತುಳು ಹಿಡಿದ್ರು, 1842ರಲ್ಲಿ ಮತ್ತಾಯನ ಸುವಾರ್ತೆ ತುಳುವಿನಲ್ಲಿ ಅಚ್ಚಾಯ್ತು, ಕನ್ನಡ ಲಿಪಿಯಲ್ಲಿ ತುಳು ಅಚ್ಚಾಗಿದ್ದಕ್ಕೆ ಅದೇ ನಾಂದಿ. ಧಾರವಾಡ ಹುಬ್ಬಳ್ಳಿ ಕಡೆ ಹೋದವರಿಗೆ ಬೇರೆ ತರದ ಪೇಚು, ಅದು ಬಾಂಬೆ ಪ್ರೆಸಿಡೆನ್ಸಿ, ಜನರದ್ದು ಕನ್ನಡ ಆದ್ರೆ ಕಚೇರಿಯಲ್ಲಿ ಮರಾಠಿ ಕಾರುಬಾರು. ಮಂಗಳೂರಲ್ಲಿ ಕಲಿತ ಪುಸ್ತಕದ ಕನ್ನಡ ಹಿಡ್ಕೊಂಡು ಗದಗ ಬೆಟಗೇರಿಗೆ ಹೋದವನಿಗೆ ಅಲ್ಲಿಯ ಮಾತು ತಲೆ ಬುಡ ತಿಳಿಯದೆ ಇನ್ನೊಂದ್ಸಲ ಕಲೀಬೇಕಾಗ್ತಿತ್ತು.

ಮುನ್ಶಿ ಪಾಠ ಆದ ಮೇಲೆ ಶಾಲೆ. ಮಂಗಳೂರಲ್ಲಿ 1836ರಲ್ಲೇ ಕನ್ನಡ ಶಾಲೆ ಶುರು ಮಾಡಿದ್ರು. ಮೋಗ್ಲಿಂಗ್ ಅವರ ವಿಷಯದಲ್ಲಿ ಇದು ಬರೀ ಪಾಠ ಹೇಳೋ ಕೆಲಸ ಆಗಿರ್ಲಿಲ್ಲ, ಬಲ್ಮಠದಲ್ಲಿ ಹುಡುಗರನ್ನ ಇಟ್ಕೊಂಡು ಅವರ ಜೊತೆಗೇ ಇರ್ತಾ, ಅವರ ಮಾತು ಜಗಳ ಹಾಡು ಎಲ್ಲ ಕೇಳ್ತಾ ಬದುಕಿದ್ರು. ಸರಿಯಾಗಿ ಭಾಷೆ ಬಂದಿದ್ದು ಹಾಗೆ ಅಂತ ನಾನು ನಂಬ್ತೀನಿ, ವ್ಯಾಕರಣ ಪುಸ್ತಕದಿಂದ ಗಾದೆ ಬರಲ್ಲ, ಅಂಗಳದಲ್ಲಿ ಕೂತ್ರೆ ಮಾತ್ರ ಬರತ್ತೆ. ಅವರು ಗಾದೆ ಸಂಗ್ರಹ ಮಾಡಿದ್ರು, ಹರಿದಾಸರ ಪದ ಸಂಗ್ರಹ ಮಾಡಿ 1850ರಲ್ಲಿ ಅಚ್ಚು ಹಾಕಿದ್ರು. ಕ್ಯಾಸಮೇಜರ್ ಅನ್ನೋ ಬ್ರಿಟಿಷ್ ಅಧಿಕಾರಿ ಹಣ ಕೊಟ್ಟಿದ್ರಿಂದ 1848ರಿಂದ ಬಿಬ್ಲಿಯೋತೆಕಾ ಕರ್ನಾಟಿಕಾ ಅನ್ನೋ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ ಇಂಥವು ಹೊರಗೆ ಬಂದ್ವು. ಕ್ರೈಸ್ತ ಪ್ರಚಾರಕ್ಕೆ ಬಂದವನು ಬಸವ ಪುರಾಣ ಯಾಕೆ ಅಚ್ಚು ಹಾಕ್ತಾನೆ ಅಂತ ನನ್ನ ಹತ್ರ ತುಂಬಾ ಜನ ಕೇಳ್ತಾರೆ. ಜನರ ಮನಸ್ಸು ತಿಳೀಬೇಕು, ಮುಂದೆ ಬರೋ ಹುಡುಗರಿಗೆ ಓದೋಕೆ ಪಠ್ಯ ಬೇಕು ಅನ್ನೋ ಲೆಕ್ಕಾಚಾರ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಅಷ್ಟೇ ಆಗಿದ್ರೆ ಒಂದು ಪುಸ್ತಕಕ್ಕೆ ನಿಲ್ತಿತ್ತು. ವರ್ಷಗಟ್ಟಲೆ ಓದಿದವನಿಗೆ ಅದರ ರುಚಿ ಹತ್ತಿಬಿಡತ್ತೆ.

ಸಂಜೆ ಬಿಸಿಲು ಇಳಿದ ಮೇಲೆ ಬೀದಿ, ಸಂತೆ. ಮಳೆ ಮುಗಿದ ಮೇಲೆ, ಹೆಚ್ಚು ಕಡಿಮೆ ನವೆಂಬರಿಂದ, ಊರೂರು ತಿರುಗಾಟ, ಕಾಲ್ನಡಿಗೆಯಲ್ಲೋ ಎತ್ತಿನ ಗಾಡಿಯಲ್ಲೋ. ಜಾತ್ರೆ ಇದ್ದಲ್ಲಿಗೆ ಹೋಗಿ ಮರದ ಕೆಳಗೆ ನಿಂತು ಮಾತಾಡೋದು. ಜನ ಸುಮ್ನೆ ಕೇಳ್ತಿದ್ರು ಅನ್ಕೋಬೇಡಿ. ಎದುರು ವಾದ ಮಾಡ್ತಿದ್ರು, ನಗ್ತಿದ್ರು, ನಮ್ಮ ದೇವರನ್ನ ಬೈಯೋಕೆ ನೀನ್ಯಾರು ಅಂತ ತಿರುಗಿ ಬೀಳ್ತಿದ್ರು. ಹೆಬಿಕ್ ಅಂತೂ ಉದ್ದ ಗಡ್ಡ ಬಿಟ್ಕೊಂಡು ದೇವಸ್ಥಾನದ ಉತ್ಸವಕ್ಕೇ ಹೋಗಿ ಪ್ರಚಾರ ಮಾಡೋರು, ಮಣ್ಣು ಕಲ್ಲು ಎಲ್ಲ ಬಿದ್ದಿದೆ. ಇಲ್ಲಿ ನಾನು ನನ್ನ ನಿಲುವು ಹೇಳಿಬಿಡ್ತೀನಿ, ಇನ್ನೊಬ್ಬರ ಹಬ್ಬದ ದಿನ ಅವರ ದೇವಸ್ಥಾನದ ಮುಂದೆ ನಿಂತು ನಿಮ್ಮ ದೇವರು ಸುಳ್ಳು ಅನ್ನೋದು ನನಗೆ ಒಪ್ಪಿಗೆ ಆಗಲ್ಲ, ಅಂದಿನ ಜನಕ್ಕೆ ನೋವಾಗಿದ್ದು ಸಹಜವೇ. ಅದೇ ಹೊತ್ತಿಗೆ ಆ ಜನಗಳ ಪ್ರಶ್ನೆಗೆ ಉತ್ತರ ಕೊಡೋಕಾಗದೆ ಮನೆಗೆ ಬಂದು ಪುರಾಣ ಓದೋಕೆ ಕೂತ ಹುಡುಗರೂ ಇದ್ರು ಅನ್ನೋದೂ ನಿಜ.

ಮಳೆಗಾಲದಲ್ಲಿ ತಿರುಗಾಟ ಇಲ್ಲ. ಮಂಗಳೂರಿನ ಮಳೆ ನಿಮಗೆ ಹೇಳೋದೇ ಬೇಡ, ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಲ್ಲ, ಪುಸ್ತಕಕ್ಕೆ ಬೂಸ್ಟು, ಬಂದರಿಗೆ ಹಡಗು ಬರಲ್ಲ. ಆ ತಿಂಗಳುಗಳು ಮೇಜಿನ ಕೆಲಸಕ್ಕೆ, ಅನುವಾದ, ಬರವಣಿಗೆ, ಅಚ್ಚುಕೂಟ.

ಅಚ್ಚುಕೂಟದ ಕೆಲಸ ಹೇಗಿತ್ತು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಮೋಗ್ಲಿಂಗ್ ಅವರ ಪತ್ರಿಕೆ ಮಂಗಳೂರ ಸಮಾಚಾರ 1843ರ ಜುಲೈ 1ಕ್ಕೆ ಹೊರಬಂತು ಅಂತ ಎಲ್ಲರೂ ಬಾಯಿಪಾಠ ಹೇಳ್ತಾರೆ, ಆ ದಿನವನ್ನೇ ನಾವು ಪತ್ರಿಕಾ ದಿನ ಅಂತ ಮಾಡ್ತೀವಿ, ಆದ್ರೆ ಅದು ಅಚ್ಚಾಗಿದ್ದು ಹೇಗೆ ಅಂತ ಯಾರೂ ಕೇಳಲ್ಲ. ಅದು ಕಲ್ಲಚ್ಚು. ಒಂದೊಂದೇ ಅಕ್ಷರದ ಲೋಹದ ಮೊಳೆ ಜೋಡಿಸೋ ಅಚ್ಚಲ್ಲ. 1841ರಲ್ಲಿ ಇಲ್ಲಿ ಶುರುವಾಗಿದ್ದು ಕಲ್ಲಚ್ಚಿನ ಪ್ರೆಸ್ಸೇ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಚಪ್ಪಡಿ, ಅದರ ಮೇಲೆ ಜಿಡ್ಡಿನ ಶಾಯಿಯ ಬರಹ ಮೂಡಿಸಬೇಕು, ನೇರ ಕಲ್ಲಿನ ಮೇಲೆ ಬರೆಯೋದಾದ್ರೆ ಕನ್ನಡಿಯಲ್ಲಿ ಕಂಡಂಗೆ ಉಲ್ಟಾ ಬರೀಬೇಕು, ಇಲ್ಲಾ ವಿಶೇಷ ಕಾಗದದ ಮೇಲೆ ನೆಟ್ಟಗೆ ಬರೆದು ಅದನ್ನ ಕಲ್ಲಿಗೆ ಒತ್ತಿ ಇಳಿಸಬೇಕು. ಆಮೇಲೆ ಕಲ್ಲಿಗೆ ನೀರು ಸವರೋದು, ಜಿಡ್ಡು ಇದ್ದ ಕಡೆ ನೀರು ನಿಲ್ಲಲ್ಲ, ಶಾಯಿ ಉರುಳೆ ಆಡಿಸಿದ್ರೆ ಅಕ್ಷರಕ್ಕೆ ಮಾತ್ರ ಶಾಯಿ ಹತ್ತತ್ತೆ, ಕಾಗದ ಇಟ್ಟು ಒತ್ತು. ಪ್ರತಿ ಕಾಗದಕ್ಕೂ ಮತ್ತೆ ನೀರು, ಮತ್ತೆ ಶಾಯಿ, ಮತ್ತೆ ಒತ್ತು. ಒಂದು ಅಕ್ಷರ ತಪ್ಪಿದ್ರೆ ಕಲ್ಲು ಕೆರೆದು ತಿದ್ದಬೇಕು. ಹದಿನೈದು ದಿನಕ್ಕೊಂದು ಸಂಚಿಕೆ ಈ ರೀತಿ. ಆ ಕೈಬರಹದ ಅಕ್ಷರ ನೋಡಿದ್ರೆ ನನಗೆ ಈಗಲೂ ಬರೆದವರ ಕೈ ಕಾಣಿಸತ್ತೆ, ಸಾಲಿನ ಕೊನೆಗೆ ಜಾಗ ಸಾಲದೆ ಅಕ್ಷರ ಒತ್ತೊತ್ತಾಗಿ ಕೂರಿಸಿರೋದು ಎಲ್ಲ. ಊರಿನ ಸುದ್ದಿ, ಸರ್ಕಾರದ ಕಾನೂನು, ದೇಶಾಂತರದ ಸುದ್ದಿ, ಕಥೆ, ದಾಸರ ಪದ ಎಲ್ಲಾ ಅದರಲ್ಲಿ ಇರ್ತಿತ್ತು. 1844ರಲ್ಲಿ ಬಳ್ಳಾರಿಗೆ ಹೋಯ್ತು, ಅಲ್ಲಿ ಮೊಳೆ ಅಚ್ಚಿನ ಅನುಕೂಲ ಇತ್ತು, ಹೆಸರೂ ಕನ್ನಡ ಸಮಾಚಾರ ಆಯ್ತು.

ಮನೆ ನೆನಪು ಆಗ್ತಿರ್ಲಿಲ್ವಾ ಅಂದ್ರಲ್ಲ. ಅದಕ್ಕೆ ಉತ್ತರ ಟಪ್ಪಾಲಿನಲ್ಲಿದೆ. ಇವರ ಬದುಕನ್ನ ಆಳಿದ್ದೇ ಕಾಗದ. ಬಾಸೆಲ್‌ನಲ್ಲಿ ಕಮಿಟಿ ಅಂತ ಇತ್ತು, ಊರಿನ ದೊಡ್ಡ ಮನೆತನಗಳವರು, ಪಾದ್ರಿಗಳು ಕೂತಿದ್ದ ಮಂಡಳಿ, ಅದರ ಕೆಳಗೆ ಮಿಶನ್ನಿನ ಕೆಲಸ ನಡೆಸೋಕೆ ಇನ್‌ಸ್ಪೆಕ್ಟರ್ ಅಂತ ಒಬ್ಬರು. ಎಲ್ಲಾ ಅವರನ್ನ ಕೇಳಬೇಕು. ಸ್ಟೇಷನ್ ಬದಲಾಯಿಸೋಕೆ ಕೇಳಬೇಕು, ಕಟ್ಟಡ ಕಟ್ಟೋಕೆ ಕೇಳಬೇಕು, ವಾಪಸ್ ಊರಿಗೆ ಬರೋಕೆ ಕೇಳಬೇಕು. ಕಾಗದ ಹೋಗೋಕೆ ಎರಡು ಮೂರು ತಿಂಗಳು, ಕಮಿಟಿ ಕೂತು ಯೋಚನೆ ಮಾಡೋಕೆ ಒಂದಷ್ಟು ದಿನ, ಉತ್ತರ ಬರೋಕೆ ಮತ್ತೆ ಎರಡು ಮೂರು ತಿಂಗಳು. ಮೂರು ತಿಂಗಳಿಗೊಮ್ಮೆ ವರದಿ ಬರೀಬೇಕು. ಅಷ್ಟೇ ಅಲ್ಲ, ಜೊತೆಯವರ ನಡತೆ ಬಗ್ಗೆಯೂ ಬರೀಬೇಕು, ಅಂದ್ರೆ ಒಂದೇ ಮನೆಯಲ್ಲಿ ಒಂದೇ ಮೇಜಿನಲ್ಲಿ ಉಣ್ಣೋ ಇಬ್ಬರು ಹುಡುಗರು ಒಬ್ಬರ ಮೇಲೊಬ್ಬರು ವರದಿ ಕಳಿಸ್ತಿದ್ರು. ಪರದೇಶದಲ್ಲಿ ನಂಬೋಕೆ ಇದ್ದಿದ್ದೇ ಆ ಒಬ್ಬ ಗೆಳೆಯ, ಅವನೂ ಬರೀತಿದಾನೆ ಅಂತ ಗೊತ್ತು. ಈ ಒಂಟಿತನ ಎಂಥದ್ದು ಯೋಚನೆ ಮಾಡಿ. ನನಗೆ ಜ್ವರ, ಸೆಕೆ, ಹಾವು ಇವುಗಳಿಗಿಂತ ಇದೇ ಹೆಚ್ಚು ಕಷ್ಟದ್ದು ಅನ್ಸಿದೆ.

ಮದುವೆ ವಿಷಯ ಕೇಳಿದ್ರೆ ಇನ್ನೂ ಆಶ್ಚರ್ಯ ಪಡ್ತೀರಿ. ಬರುವಾಗ ಮದುವೆ ಆಗದೇ ಬರಬೇಕು. ಎರಡು ವರ್ಷ ಕೆಲಸ ಮಾಡಿದ ಮೇಲೆ ಕಮಿಟಿಗೆ ಅರ್ಜಿ ಹಾಕಬಹುದು, ಕಮಿಟಿ ಒಪ್ಪಿದ್ರೆ ಹುಡುಗಿ ಹುಡುಕ್ತಾರೆ, ಹುಡುಗಿಯ ನಡತೆ ಆರೋಗ್ಯ ಭಕ್ತಿ ಎಲ್ಲಾ ವಿಚಾರಿಸ್ತಾರೆ, ಆಮೇಲೆ ಅವಳು ಹಡಗು ಹತ್ತಿ ಬರ್ತಾಳೆ. ಎಷ್ಟೋ ಜೋಡಿಗಳು ಒಬ್ಬರನ್ನೊಬ್ಬರು ಮೊದಲು ನೋಡಿದ್ದೇ ಬಂದರಲ್ಲಿ, ಮದುವೆ ಕೆಲವೇ ದಿನದಲ್ಲಿ. ನಮ್ಮಜ್ಜಿ ಕಾಲದಲ್ಲೂ ಗಂಡಿನ ಮುಖ ನೋಡದೆ ಮದುವೆ ಆಗ್ತಿತ್ತು, ಆದ್ರೆ ಪಕ್ಕದ ಊರಿಗೆ ಹೋಗೋದು ಬೇರೆ, ಸಮುದ್ರ ದಾಟಿ ಹೋಗೋದು ಬೇರೆ. ಆ ಹೆಣ್ಣುಮಕ್ಕಳಿಗೂ ಇಪ್ಪತ್ತು ಇಪ್ಪತ್ತೈದೇ, ಬಂದ ಮೇಲೆ ಹೆಣ್ಣುಮಕ್ಕಳ ಶಾಲೆ, ಹೊಲಿಗೆ ಪಾಠ, ರೋಗಿಗಳ ಆರೈಕೆ ಎಲ್ಲ ಅವರ ಹೆಗಲಿಗೆ, ದಾಖಲೆಯಲ್ಲಿ ಮಾತ್ರ ಇಂಥವರ ಹೆಂಡತಿ ಅಂತ.

ಸಾವು ಬಹಳ ಹತ್ತಿರ ಇತ್ತು. ವೈಗ್ಲೆ 1855ರಲ್ಲಿ, ನಲವತ್ತು ತುಂಬೋ ಮೊದಲೇ ತೀರಿಕೊಂಡ್ರು, ಬೈಬಲ್ ಅನುವಾದದ ಪರಿಷ್ಕರಣೆಗೆ ದುಡಿದ ಮನುಷ್ಯ. ಅವರ ಹೆಂಡತಿ ಪೌಲಿನಾರನ್ನ ಮುಂದೆ ಮೋಗ್ಲಿಂಗ್ ಮದುವೆಯಾದ್ರು. ಕಿಟೆಲ್ 1860ರಲ್ಲಿ ಮದುವೆಯಾದ್ರು, ಹೆಂಡತಿ 1864ರಲ್ಲಿ ತೀರಿಕೊಂಡ್ರು, ಆಮೇಲೆ ಆಕೆಯ ತಂಗಿಯನ್ನ 1867ರಲ್ಲಿ ಮದುವೆಯಾದ್ರು. ಜ್ವರ, ಆಮಶಂಕೆ, ಕಾಲರಾ, ಯಾವುದಕ್ಕೂ ಸರಿಯಾದ ಮದ್ದಿಲ್ಲ. ತೀರಾ ಸೋತವರನ್ನ ನೀಲಗಿರಿಯ ಕೇತಿಗೆ ಕಳಿಸ್ತಿದ್ರು, ಅಲ್ಲಿ 1846ರಿಂದ ಮಿಶನ್ ಕೇಂದ್ರ ಇತ್ತು, ತಂಪು ಹವೆ.

ಮಕ್ಕಳ ವಿಷಯ ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗತ್ತೆ. ಐದಾರು ವರ್ಷ ಆದ ಮೇಲೆ ಮಕ್ಕಳನ್ನ ಯೂರೋಪಿಗೆ ಕಳಿಸಿಬಿಡ್ತಿದ್ರು, 1853ರಲ್ಲಿ ಬಾಸೆಲ್‌ನಲ್ಲಿ ಅದಕ್ಕಂತಲೇ ಮಕ್ಕಳ ಮನೆ ಏರ್ಪಾಡಾಯ್ತು. ತಲಶೇರಿಯಲ್ಲಿದ್ದ ಇದೇ ಮಿಶನ್ನಿನ ಗುಂಡರ್ಟ್ ದಂಪತಿಯ ಮಗಳು ಮರೀ 1842ರಲ್ಲಿ ಅಲ್ಲೇ ಹುಟ್ಟಿದವಳು, ಮೂರ್ನಾಲ್ಕು ವರ್ಷಕ್ಕೇ ಯೂರೋಪಲ್ಲಿ ಬಿಟ್ಟು ಬಂದ್ರು, ಅವಳು ಅಪ್ಪ ಅಮ್ಮನ ಹತ್ರ ವಾಪಸ್ ಬಂದಿದ್ದು 1857ರಲ್ಲಿ. ಮಗು ಹೋದ ಹಡಗು ತಲುಪಿತೋ ಇಲ್ಲವೋ ಅಂತ ತಿಳಿಯೋಕೇ ತಿಂಗಳುಗಟ್ಟಲೆ ಕಾಯಬೇಕಿತ್ತು. ದೇವರ ಕೆಲಸ ಅಂತ ಅವರು ಸಮಾಧಾನ ಹೇಳ್ಕೊಂಡ್ರು, ಮಕ್ಕಳನ್ನ ಯಾರೂ ಕೇಳ್ಲಿಲ್ಲ.

ಈಗ ಮತಾಂತರ. ಸಂಖ್ಯೆ ದೊಡ್ಡದಿರ್ಲಿಲ್ಲ, ಆದ್ರೆ ಆದವರ ಬದುಕು ಬುಡಮೇಲಾಗ್ತಿತ್ತು, ಮನೆಯಿಂದ ಹೊರಗೆ, ಜಾತಿಯಿಂದ ಹೊರಗೆ, ಕೆಲಸ ಇಲ್ಲ, ಗೇಣಿ ಭೂಮಿ ಇಲ್ಲ. ಹಾಗೆ ಬಂದವರಿಗೆ ಹೊಟ್ಟೆಪಾಡಿಗೆ ದಾರಿ ಮಾಡಬೇಕಾಯ್ತು, ಅದರಿಂದಲೇ ನೇಯ್ಗೆ ಕಾರ್ಖಾನೆ, ಪುಸ್ತಕ ಕಟ್ಟೋ ಕೆಲಸ, 1865ರಲ್ಲಿ ಪ್ಲೆಬ್ಸ್ಟ್ ಅವರು ಜೆಪ್ಪಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆ. ಮಂಗಳೂರು ಹಂಚಿನ ಹಿಂದೆ ಇರೋದು ಈ ಕಥೆ. ಆ ಹೊತ್ತಿಗೆ ಬಂದ ಹುಡುಗರಲ್ಲಿ ಕೆಲವರು ಪಾದ್ರಿಗಳೇ ಅಲ್ಲ, ಮೆಕ್ಯಾನಿಕ್, ನೇಕಾರ, ಲೆಕ್ಕ ಬರೆಯೋರು. ಅವರ ದಿನ ಅಂದ್ರೆ ಕಾರ್ಖಾನೆಯ ಗಂಟೆ.

ಇದನ್ನೆಲ್ಲ ಉಲ್ಟಾ ದಿಕ್ಕಿನಿಂದ ಬದುಕಿದ ಒಬ್ಬ ಹುಡುಗ ಇದ್ದ, ಅವನ ಬಗ್ಗೆ ಹೇಳ್ದೆ ಈ ಉತ್ತರ ಮುಗಿಸೋಕೆ ಮನಸ್ಸು ಬರ್ತಿಲ್ಲ. ಆನಂದರಾವ್ ಕೌಂಡಿನ್ಯ, ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯವರು, ಮೋಗ್ಲಿಂಗ್ ಅವರ ವಿದ್ಯಾರ್ಥಿ. 1844ರಲ್ಲಿ ಕ್ರೈಸ್ತರಾದ್ರು, ಊರಲ್ಲಿ ದೊಡ್ಡ ಗಲಾಟೆ ಆಯ್ತು. 1846ರಲ್ಲಿ ಮೋಗ್ಲಿಂಗ್ ಊರಿಗೆ ಹೋಗುವಾಗ ಇವರನ್ನೂ ಕರ್ಕೊಂಡು ಹೋದ್ರು, ಬಾಸೆಲ್ ಸೆಮಿನರಿಯಲ್ಲಿ ಐದು ವರ್ಷ ಓದಿ 1851ರಲ್ಲಿ ಮಿಶನರಿಯಾಗಿ ವಾಪಸ್ ಬಂದ್ರು. ಕಡಲ ತೀರದ ಹುಡುಗ, ಹಿಮ ಬೀಳೋ ಊರಲ್ಲಿ, ಮಾಂಸ ಬ್ರೆಡ್ಡಿನ ಊಟದ ಮೇಜಿನಲ್ಲಿ, ಜರ್ಮನ್ ಪಾಠ ಕೇಳ್ತಾ ಕೂತಿರೋದನ್ನ ನೆನೆಸಿಕೊಳ್ಳಿ. ಮೋಗ್ಲಿಂಗ್ ಇಲ್ಲಿ ಒಂದನೇ ಕ್ಲಾಸಿಗೆ ಸೇರಿದಂಗೇ ಇವರು ಅಲ್ಲಿ ಸೇರಿದ್ರು. ವ್ಯತ್ಯಾಸ ಏನಂದ್ರೆ ಮೋಗ್ಲಿಂಗ್ ಅವರಿಗೆ ಹಿಂದೆ ಒಂದು ಮನೆ ಇತ್ತು, ಇವರಿಗೆ ಇದ್ದ ಮನೆಯ ಬಾಗಿಲು ಹಾಕಿಕೊಂಡಿತ್ತು. ಮುಂದೆ ಜರ್ಮನ್ ಹೆಣ್ಣುಮಗಳನ್ನ ಮದುವೆಯಾಗಿ ಕೊಡಗಿನ ಆನಂದಪುರದಲ್ಲಿ ಕೆಲಸ ಮಾಡಿದ್ರು. ಪರದೇಶದಲ್ಲಿ ಸೇವೆಗೆ ಹೋದ ಯುವಕ ಅಂದ ತಕ್ಷಣ ನಮಗೆ ಬಿಳಿ ಮುಖವೇ ಕಣ್ಣಿಗೆ ಬರತ್ತೆ, ಕೌಂಡಿನ್ಯರದ್ದೂ ಬರಬೇಕು.

ಕಿಟೆಲ್ ಬಗ್ಗೆ ಒಂದು ಮಾತು. ಅವರು ಹುಡುಗನಾಗಿದ್ದಾಗಲೇ ಸಂಸ್ಥೆಯ ಜೊತೆ ಚೆನ್ನಾಗಿ ಹೊಂದಿಕೊಂಡವರಲ್ಲ. ಇಲ್ಲಿಯವರಿಗೆ ಇಲ್ಲಿಯವನಾಗಿ ಬದುಕಬೇಕು, ಬಂಗಲೆಯಲ್ಲಿ ಕೂತ್ರೆ ಆಗಲ್ಲ, ನಡ್ಕೊಂಡು ಜನರ ಮಧ್ಯೆ ಇರಬೇಕು ಅನ್ನೋದು ಅವರ ಹಟ, ಮೇಲಿನವರಿಗೆ ಅದು ಹಿಡಿಸ್ಲಿಲ್ಲ, ಆಗಿನ ಇನ್‌ಸ್ಪೆಕ್ಟರ್ ಯೋಸೆನ್‌ಹಾನ್ಸ್ ಶಿಸ್ತು ಅಂದ್ರೆ ಶಿಸ್ತು ಅನ್ನೋ ಮನುಷ್ಯ. ಕಿಟೆಲ್ 1862ರಲ್ಲಿ ಯೇಸುವಿನ ಕಥೆಯನ್ನ ಕನ್ನಡ ಛಂದಸ್ಸಿನಲ್ಲೇ ಕಥಾಮಾಲೆ ಅಂತ ಬರೆದ್ರು. ಪ್ರಚಾರಕನಾಗಿ ಅವರು ಗೆದ್ದರು ಅಂತ ಹೇಳೋಕಾಗಲ್ಲ. ಆದ್ರೆ ಹಾಗೆ ತಿರುಗಾಡಿ ಕಿವಿ ತುಂಬಿಸಿಕೊಂಡಿದ್ದು, ಪಂಡಿತರ ಪಕ್ಕ ಕೂತು ಗುಡ್ಡೆ ಹಾಕಿದ್ದು ಎಲ್ಲಾ 1894ರಲ್ಲಿ ನಿಘಂಟಾಗಿ ಬಂತು, ಸುಮಾರು 70,000 ಪದ. ಕಾಯಿಲೆ ಬಿದ್ದು 1877ರಲ್ಲಿ ಜರ್ಮನಿಗೆ ಹೋದವರು ಆ ಕೆಲಸ ಮುಗಿಸೋಕಂತಲೇ 1883ರಲ್ಲಿ ಮತ್ತೆ ಬಂದ್ರು. ಐವತ್ತು ದಾಟಿದ ಮನುಷ್ಯ, ಕಾಯಿಲೆ ಶರೀರ! ಆ ಸಲ ಅವರನ್ನ ಇಲ್ಲಿಗೆ ಎಳೆದು ತಂದಿದ್ದು ಕನ್ನಡ ಅಂತ ನಾನು ಯಾವ ಅಳುಕೂ ಇಲ್ಲದೆ ಹೇಳ್ತೀನಿ.

ನಿಮಗೆ ಇನ್ನೂ ಒಳಗೆ ಹೋಗಿ ನೋಡಬೇಕು ಅನ್ಸಿದ್ರೆ ದೂರ ಹೋಗಬೇಕಾಗಿಲ್ಲ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ನಿನ ಹಳೆ ಪುಸ್ತಕ, ಪತ್ರ ಎಲ್ಲ ಇಟ್ಟಿದ್ದಾರೆ, ಕಾಲೇಜಿಂದ ಒಂದು ಪತ್ರ ತಗೊಂಡು ಮೊದಲೇ ಅನುಮತಿ ಕೇಳಿಕೊಂಡು ಹೋಗಿ. ಬಾಸೆಲ್‌ನಲ್ಲಿರೋ ಮಿಶನ್ನಿನ ಆರ್ಕೈವ್ಸಿನವರು ಹಳೆ ಫೋಟೋಗಳನ್ನ ಇಂಟರ್‌ನೆಟ್ಟಲ್ಲಿ ಹಾಕಿದ್ದಾರೆ, ಅದರಲ್ಲಿ ಮಂಗಳೂರಿನವೂ ಧಾರವಾಡದವೂ ಸಿಗ್ತವೆ. ಕಾಗದಗಳನ್ನ ಓದೋದಾದ್ರೆ ಎರಡು ವಿಷಯ ತಲೇಲಿಟ್ಕೊಳ್ಳಿ. ಅವು ಹಳೆ ಜರ್ಮನ್ ಕೈಬರಹದಲ್ಲಿವೆ, ಇವತ್ತಿನ ಜರ್ಮನ್ ಬಂದ್ರೂ ಆ ಅಕ್ಷರ ಬೇರೆಯಾಗಿ ಕಲೀಬೇಕು. ಇನ್ನೊಂದು, ಕಮಿಟಿಗೆ ಬರೆದ ಕಾಗದ ಕಮಿಟಿಗೆ ಏನು ಬೇಕೋ ಅದನ್ನೇ ಹೇಳತ್ತೆ, ಸುಸ್ತು, ಅನುಮಾನ, ಜಗಳ ಇವೆಲ್ಲ ಮನೆಗೆ, ಗೆಳೆಯರಿಗೆ ಬರೆದ ಕಾಗದದಲ್ಲಿ ಸಿಗತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಓದ್ತಾ ಯಾವುದಾದ್ರೂ ಮುನ್ಶಿಯ ಹೆಸರು ಸಿಕ್ಕಿದ್ರೆ ದಯವಿಟ್ಟು ಬರ್ಕೊಂಡು ನನಗೂ ತಿಳಿಸಿ.